ಎಂಟು ಹೆಸರಿನ ಪಟ್ಟಿ

ಅಪಘಾತದ ಸುದ್ದಿಗೆ ಒಂದು ಕ್ರಮವಿದೆ. ಮೊದಲು ಸತ್ತವರು, ನಂತರ ಗಂಭೀರವಾಗಿ ಗಾಯಗೊಂಡವರು, ಕೊನೆಗೆ ಉಳಿದವರು. ಹೆಸರು, ವಯಸ್ಸು, ಊರು. ವಾಹನ ಎಲ್ಲಿಂದ ಎಲ್ಲಿಗೆ ಹೊರಟಿತ್ತು, ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಇಷ್ಟು ಸಿಕ್ಕರೆ ಸುದ್ದಿ ಮುಗಿಯಿತು. ಸಿಂದಗಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಜಿಲ್ಲಾ ಪತ್ರಿಕೆಗೆ ಸುದ್ದಿ ಕಳಿಸಿದ್ದೇನೆ. ಈ ಕ್ರಮ ನನಗೆ ಮುಖ ತೊಳೆದಷ್ಟೇ ರೂಢಿ. ಇನ್ನೊಂದು ನಿಯಮವನ್ನೂ ಮೊದಲ ವರ್ಷವೇ ಕಲಿಸಿದ್ದರು: ವರದಿಗಾರ ಸುದ್ದಿಯ ಹೊರಗಿರಬೇಕು. ಈಗ ಬರೆಯುತ್ತಿರುವುದರಲ್ಲಿ ಆ ನಿಯಮ ಪಾಲಿಸಲು ಆಗುವುದಿಲ್ಲ.

ಆ ದಿನ ಬಾಗೇವಾಡಿಗೆ ತೊಗರಿ ದರದ ಸುದ್ದಿಗೆ ಹೋಗಿದ್ದೆ. ನನ್ನ ಬೈಕು ಗ್ಯಾರೇಜಿನಲ್ಲಿತ್ತು. ಮಧ್ಯಾಹ್ನದ ಮೇಲೆ ಮುದ್ದೇಬಿಹಾಳದಲ್ಲಿ ಒಂದು ಸಭೆ. ಬಸ್ಸು ತಪ್ಪಿತು, ಹಳ್ಳಿಗಳಿಗೆ ಜನರನ್ನು ಸಾಗಿಸುವ ಮೂರು ಗಾಲಿಯ ಟಂಟಂ ಹತ್ತಿದೆ. ಚಾಲಕನನ್ನು ಸೇರಿಸಿ ನಾವು ಒಂಬತ್ತು ಜನ. ನಾನು ಹಿಂದಿನ ಸೀಟಿನ ತುದಿಗೆ ಕುಳಿತಿದ್ದೆ. ನನ್ನ ಪಕ್ಕದಲ್ಲಿ ತಂಗಡಗಿಯ ಒಬ್ಬ ಹೆಣ್ಣುಮಗಳು, ಮೂವತ್ತರ ಸುಮಾರಿನವಳು, ತವರಿನಿಂದ ಗಂಡನ ಮನೆಗೆ ಹೊರಟಿದ್ದಳು. ಎದುರಿನಿಂದ ಎರಡು ಟ್ರೇಲರ್ ಎಳೆದುಕೊಂಡು ಕಬ್ಬಿನ ಟ್ರ್ಯಾಕ್ಟರ್ ಬಂತು. ನಮ್ಮ ಚಾಲಕ ಎಡಕ್ಕೆ ಎಳೆದ. ಎಡಕ್ಕೆ ರಸ್ತೆ ಇರಲಿಲ್ಲ.

ಟಂಟಂ ತಗ್ಗಿನಲ್ಲಿ ಹೊರಳಿ ಬಿತ್ತು. ಜನ ಓಡಿ ಬಂದರು, ಎತ್ತಿ ಕೂರಿಸಿದರು, ನೀರು ಕುಡಿಸಿದರು. ಯಾರೂ ಸತ್ತಿರಲಿಲ್ಲ. ತಂಗಡಗಿಯವಳ ತೊಡೆ ಮುರಿದಿತ್ತು, ಚಾಲಕನಿಗೆ ಪ್ರಜ್ಞೆ ಇರಲಿಲ್ಲ. ನಾನು ಎದ್ದು ನಿಂತೆ. ಎಡಗೈ ಕೆಂಡ ಮುಟ್ಟಿದಂತೆ ಉರಿಯುತ್ತಿತ್ತು. ಅದನ್ನು ಎದೆಗೆ ಆನಿಸಿಕೊಂಡು, ರಸ್ತೆ ಪಕ್ಕದ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕುಳಿತು, ಚೀಲದಿಂದ ನೋಟ್‌ಬುಕ್ ತೆಗೆದೆ. ತೊಡೆಯ ಮೇಲೆ ಇಟ್ಟುಕೊಂಡು ಒಬ್ಬೊಬ್ಬರನ್ನೇ ಕೇಳಿ ಹೆಸರು, ವಯಸ್ಸು, ಊರು ಬರೆದೆ. ಚಾಲಕನ ಹೆಸರನ್ನು ಬೇರೆಯವರು ಹೇಳಿದರು. ವಯಸ್ಸನ್ನು ನಾನೇ ಅಂದಾಜಿನ ಮೇಲೆ ಮೂವತ್ತೈದು ಎಂದು ಹಾಕಿದೆ. ಎಂಟು ಹೆಸರಾದವು.

ಅಷ್ಟರಲ್ಲಿ ಒಬ್ಬ ಪೇದೆ ಬಂದ. ನನಗೆ ಪರಿಚಯದವನೇ.

"ಪೇಪರ್ ಸಾಹೇಬ್ರ, ನಮಗಿಂತ ಮೊದಲ ಬಂದೀರಲ್ರಿ! ಬರ್ಕೊಂಡೀರೇನು? ಕೊಡ್ರಿ ಇತ್ತ. ನಿಮ್ಮ ಅಕ್ಷರ ನಮ್ಮ ಠಾಣೆ ರೈಟರ್‌ಕಿಂತ ಚೊಲೊ ಅದಾವ."

ಸುದ್ದಿ ತಿಳಿದು ಬಂದವನು ಎಂದು ಅವನು ನನ್ನನ್ನು ತಿಳಿದಿದ್ದ. ಅಲ್ಲ, ನಾನೂ ಈ ಗಾಡಿಯಲ್ಲೇ ಇದ್ದೆ ಎನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪತ್ರಿಕೆಯ ಜಿಲ್ಲಾ ಕಚೇರಿಯ ಡೆಸ್ಕಿನಿಂದ.

"ಬಾಗೇವಾಡಿ ರೋಡಿಗೆ ಟಂಟಂ ಪಲ್ಟಿ ಅಂತಲ್ರಿ? ಎಷ್ಟು ಮಂದಿ?"

"ಎಂಟು."

"ಸತ್ತವ್ರು?"

"ಯಾರೂ ಇಲ್ಲ."

"ಹಂಗಾರ ಸಣ್ಣದ ಮಾಡಿ ಕಳಸ್ರಿ. ಜಾಗ ಇಲ್ಲ."

ಫೋನು ಇಡುವಷ್ಟರಲ್ಲಿ ಪೇದೆ ನನ್ನ ಪಟ್ಟಿಯನ್ನು ತನ್ನ ಹಾಳೆಗೆ ಇಳಿಸಿಕೊಂಡಿದ್ದ.

ಗಾಯಾಳುಗಳ ಜೊತೆ ಆಂಬ್ಯುಲೆನ್ಸಿನಲ್ಲೇ ಬಾಗೇವಾಡಿಯ ಆಸ್ಪತ್ರೆಗೆ ಹೋದೆ. ಯಾರಿಗೆ ಎಷ್ಟು ಪೆಟ್ಟು ಎಂದು ಕೇಳುವುದಿತ್ತು. ಅಲ್ಲಿನ ನರ್ಸ್ ಒಬ್ಬರು ನನ್ನ ಕೈ ನೋಡಿದರು.

"ಸರ್, ನಿಮ್ಮ ಕೈ ಏನಾಗೇತಿ? ಬಾತೈತಲ್ಲ."

"ಉಳುಕಿದಂಗ ಆಗೈತ್ರಿ."

"ಚೀಟಿ ಮಾಡಸ್ರಿ. ಡಾಕ್ಟರು ಅದಾರ."

"ಮೊದ್ಲು ಅವರನ್ನ ನೋಡ್ರಿ. ನಂದೇನು ಅವಸರಿಲ್ಲ."

ಸೌಜನ್ಯದಿಂದ ಹಾಗೆಂದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ನಿಜ ಬೇರೆ. ಸಂಜೆ ಆರೂವರೆಯೊಳಗೆ ಸುದ್ದಿ ಹೋಗಬೇಕಿತ್ತು. ಕಾರಿಡಾರಿನ ಬೆಂಚಿನ ಮೇಲೆ ಬಲಗೈ ಹೆಬ್ಬೆರಳಿನಿಂದ ಮೊಬೈಲಿನಲ್ಲಿ ಒತ್ತಿ ಕಳಿಸಿದೆ. ಮರುದಿನ ಒಂದು ಕಾಲಮಿನಲ್ಲಿ ಬಂತು: ಟಂಟಂ ಪಲ್ಟಿ, ಎಂಟು ಮಂದಿಗೆ ಗಾಯ.

ಅದನ್ನು ಓದುವಾಗ ನನ್ನ ಕೈ ಮೊಣಕೈಯಿಂದ ಬೆರಳಿನವರೆಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಮುರಿದಿದೆ ಎಂದು ಗೊತ್ತಾಯಿತು. ಆದರೆ ಆಸ್ಪತ್ರೆಗೆ ಹೋಗಲಿಲ್ಲ. ಪತ್ರಿಕೆ ನನಗೆ ಸುದ್ದಿಗೆ ಇಷ್ಟು ಎಂದು ಕೊಡುತ್ತದೆ, ನಾನು ಅದರ ನೌಕರನಲ್ಲ. ಆರೋಗ್ಯ ವಿಮೆ ಇರಲಿಲ್ಲ. ಅಣ್ಣನ ಹೊಲದ ಪಹಣಿಯಲ್ಲಿ ನನ್ನ ಹೆಸರೂ ಇರುವುದರಿಂದ ಬಡವರ ಪಡಿತರ ಚೀಟಿಯೂ ಇಲ್ಲ. ಸರ್ಕಾರದ ಯೋಜನೆಯಲ್ಲಿ ನನ್ನಂಥವರಿಗೆ ಸಿಗುವುದು ಖರ್ಚಿನ ಒಂದು ಪಾಲು ಮಾತ್ರ. ಇದೆಲ್ಲ ನೆಪ ಎಂದೂ ಅನ್ನಬಹುದು. ನಮ್ಮ ಕಡೆ ಕೈಕಾಲು ಮುರಿದರೆ ಜನ ಮೊದಲು ಹೋಗುವುದು ಎಲುಬು ಕೂಡಿಸುವವರ ಹತ್ತಿರ. ನಾನೂ ಹಾಗೆಯೇ ಹೋದೆ.

ಯಂಕಂಚಿ ದಾಟಿದ ಮೇಲೆ ಒಂದು ಸಣ್ಣ ಹಳ್ಳಿ. ಅಲ್ಲಿ ಒಂದು ಮುಸ್ಲಿಂ ಮನೆತನ ತಲೆತಲಾಂತರದಿಂದ ಈ ಕೆಲಸ ಮಾಡುತ್ತದೆ. ಅಂಗಳದಲ್ಲಿ ಕುಳಿತಿದ್ದ ಮುದುಕರನ್ನು ಎಲ್ಲ ಜಾತಿಯವರೂ ಮುತ್ಯಾ, ಅಂದರೆ ಅಜ್ಜ, ಎನ್ನುತ್ತಾರೆ. ಅವರು ರೊಕ್ಕ ಮುಟ್ಟುವುದಿಲ್ಲ. ಒಂದು ತೆಂಗಿನಕಾಯಿ, ಒಂದು ಹಿಡಿ ಸಕ್ಕರೆ ಕೊಟ್ಟರೆ ಸಾಕು. ಬಂದವರ ಹೆಸರನ್ನು ಬರೆದಿಡುವುದೂ ಇಲ್ಲ. ಬರೆದಿಟ್ಟರೆ ಕೈಗುಣ ಹೋಗುತ್ತದೆ ಎಂದು ಹಿರಿಯರು ಹೇಳಿದ್ದಾರಂತೆ.

ಮುತ್ಯಾ ಮೊಣಕೈ ಮೇಲೆ ಹೆಬ್ಬೆರಳು ಆಡಿಸಿ ಕೇಳಿದರು: "ಫೋಟೋ ತಗಸೀಯೇನು, ತಮ್ಮಾ?"

ಅವರು ಎಕ್ಸ್‌ರೇಗೆ ಫೋಟೋ ಎನ್ನುತ್ತಾರೆ.

"ಇಲ್ಲ ಮುತ್ಯಾ."

"ಸಾಲಿ ಕಲತವ, ತಗಸಬೇಕಿತ್ತಲ್ಲೋ. ಮುಂಗೈ ಬ್ಯಾರೆ, ಮೊಣಕೈ ಬ್ಯಾರೆ. ಎಲುಬು ನಾ ಕೂಡಸ್ತೇನಿ. ನರ ಮಾತ್ರ ನಂದಲ್ಲ ನೋಡಪಾ, ಅದು ದವಾಖಾನ್ಯಾವ್ರದು."

ಬಿದಿರು ದಬ್ಬೆ ಇಟ್ಟು ಕಟ್ಟಿದರು. ಒಂದೂವರೆ ತಿಂಗಳಿಗೆ ಬಿಚ್ಚಿದರು. ಎಲುಬು ಕೂಡಿತ್ತು. ಕೈ ಪೂರ್ತಿ ನೇರವಾಗಲಿಲ್ಲ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಒಳಕ್ಕೆ ಮಡಚಿಕೊಂಡು, ಸ್ಪರ್ಶ ತಿಳಿಯದೆ, ಬೇರೆ ಯಾರದೋ ಬೆರಳುಗಳನ್ನು ನನ್ನ ಕೈಗೆ ಹಚ್ಚಿದಂತೆ ಇದ್ದವು. ಬೈಕಿನ ಕ್ಲಚ್ ಹಿಡಿಯಲು ಆಗಲಿಲ್ಲ. ಅದನ್ನು ಊಹಿಸಿದ್ದೆ. ಊಹಿಸದೆ ಇದ್ದದ್ದು ಉಗುರಿನ ವಿಷಯ. ಬಲಗೈ ಉಗುರು ಕತ್ತರಿಸಲು ಎಡಗೈ ಬೇಕು. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರ ಮುಂದೆ ಕೈ ಚಾಚಬಹುದು. ನನ್ನ ಕೋಣೆಯಲ್ಲಿ ಇನ್ನೊಬ್ಬರಿಲ್ಲ. ತಿಂಗಳಿಗೊಮ್ಮೆ ಕ್ಷೌರಕ್ಕೆ ಹೋದಾಗ ಅಂಗಡಿಯವರಿಗೆ ಹೇಳುತ್ತೇನೆ. ಮೊದಲ ಸಲ ಅವರು ಕೈ ಹಿಡಿದು ಒಂದೊಂದೇ ಉಗುರು ತೆಗೆಯುವಾಗ ನಾನು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕುಳಿತಿದ್ದೆ.

ಸಿಂದಗಿಯಲ್ಲಿ ಒಂದು ಟ್ರಸ್ಟಿನವರು ಎಲುಬು ಮತ್ತು ನರದ ಉಚಿತ ತಪಾಸಣಾ ಶಿಬಿರ ಇಟ್ಟರು. ಅದರ ಮುನ್ಸೂಚನೆಯ ಸುದ್ದಿ ಕಳಿಸಿದವನೂ ನಾನೇ. ಬೆಳಿಗ್ಗೆ ಎಂಟಕ್ಕೆ ಹೋಗಿ ಸರದಿಯಲ್ಲಿ ನಿಂತೆ. ನನ್ನ ಮುಂದೆ ನಲವತ್ತರಷ್ಟು ಜನರಿದ್ದರು. ಸಂಘಟಕರು ನನ್ನನ್ನು ಕಂಡು ಓಡಿ ಬಂದರು.

"ಅಯ್ಯ ಸಾಹೇಬ್ರ, ನೀವ್ಯಾಕ ಬಿಸಲಾಗ ನಿಂತೀರಿ? ಬರ್ರಿ, ಸ್ಟೇಜಿಗೆ ಬರ್ರಿ."

"ಇಲ್ರಿ, ಕೈ ತೋರಸೂದೈತಿ."

"ತೋರಸೂಣಂತ. ಮೊದ್ಲು ಉದ್ಘಾಟನೆ ಆಗ್ಲಿ. ನೀವ ಇಲ್ಲಂದ್ರ ಫೋಟೋ ಯಾರು ಹಾಕ್ತಾರ?"

ವೇದಿಕೆಯ ಮೇಲೆ ಕೂರಿಸಿದರು. ಶಾಲು ಹೊದಿಸಿದರು. ಹಾರ ಕೊಟ್ಟಾಗ ಒಂದೇ ಕೈಯಲ್ಲಿ ತೆಗೆದುಕೊಂಡೆ. ಹಿಂದಿನಿಂದ ಯಾರೋ "ಭಾಳ ಸೊಕ್ಕೈತಿ ಪೇಪರ್‌ನವಂಗ" ಎಂದರು. ಭಾಷಣಗಳು ಮುಗಿಯುವಾಗ ಮಧ್ಯಾಹ್ನವಾಗಿತ್ತು. ಹೊರಗೆ ನನ್ನ ಜಾಗ ಹೋಗಿತ್ತು. ಕೊನೆಗೆ ನರದ ಡಾಕ್ಟರು ಊಟಕ್ಕೆಂದು ಕಾರು ಹತ್ತುವಾಗ ಬಾಗಿಲ ಬಳಿ ನಿಂತು ಕೈ ಚಾಚಿದೆ. ಎರಡು ನಿಮಿಷ ಮೊಣಕೈ ಒತ್ತಿ ನೋಡಿದರು.

"ನರ ಎಲುಬಿನಾಗ ಸಿಕ್ಕೊಂಡೈತಿ. ಆಪರೇಷನ್ ಮಾಡಿದ್ರ ಬೆರಳು ತಿರುಗಿ ಬರಬಹುದು. ಆದ್ರ ವರ್ಷ ದಾಟಸಬ್ಯಾಡ್ರಿ. ದಾಟಿದ್ರ ಯಾರೂ ಏನೂ ಮಾಡಾಕ ಬರೂದಿಲ್ಲ."

ಬೇರೆ ಹಾಳೆ ಇಲ್ಲದ್ದರಿಂದ ಶಿಬಿರದ ಕರಪತ್ರದ ಹಿಂದೆಯೇ ಮಾಡಿಸಬೇಕಾದ ಪರೀಕ್ಷೆಗಳನ್ನು ಬರೆದುಕೊಟ್ಟರು. ನನ್ನ ಕೈಗೆ ಸಂಬಂಧಿಸಿದ ಮೊದಲ ವೈದ್ಯಕೀಯ ದಾಖಲೆ ಆ ಕರಪತ್ರ. ಅಪಘಾತವಾಗಿ ಆಗ ನಾಲ್ಕು ತಿಂಗಳಾಗಿತ್ತು.

ವಿಜಯಪುರಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದೆ, ನರದ ಪರೀಕ್ಷೆ ಮಾಡಿಸಿದೆ. ಎಲ್ಲ ಕೌಂಟರಿನಲ್ಲಿಯೂ ಎರಡು ಪ್ರಶ್ನೆ ಕೇಳುತ್ತಿದ್ದರು: ಇನ್ಶೂರೆನ್ಸ್ ಐತೇನ್ರಿ? ಸಂಗಡ ಯಾರದಾರ್ರಿ? ಎರಡಕ್ಕೂ ಒಂದೇ ಉತ್ತರ ಸಾಕಾಗುತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಚೀಲ, ಚಪ್ಪಲಿ, ಮೊಬೈಲು ಯಾರ ಕೈಯಲ್ಲಾದರೂ ಕೊಟ್ಟು ಬನ್ನಿ ಎಂದರು. ಬಾಗಿಲಲ್ಲಿ ಕುಳಿತಿದ್ದ ಅಪರಿಚಿತ ಹೆಂಗಸಿಗೆ ಕೊಟ್ಟು ಹೋದೆ. ಹೊರಬರುವಾಗ ಆಕೆ ತನ್ನ ಸರದಿ ಬಿಟ್ಟು ಅವನ್ನು ಕಾಯ್ದುಕೊಂಡು ಕುಳಿತಿದ್ದರು.

ಆಪರೇಷನ್‌ನ ಖರ್ಚು ನನ್ನ ಎರಡು ವರ್ಷದ ಗಳಿಕೆ. ಅದನ್ನು ಹೊಂದಿಸುವ ದಾರಿ ಒಂದೇ ಇತ್ತು. ಟಂಟಂಗೆ ವಿಮೆ ಇತ್ತು. ಅದರಲ್ಲಿದ್ದವರು ಮುದ್ದೇಬಿಹಾಳದ ಒಬ್ಬ ವಕೀಲರ ಮೂಲಕ ಪರಿಹಾರಕ್ಕೆ ಅರ್ಜಿ ಹಾಕಿದ್ದರು. ನಾನು ಅವರ ಬಳಿಗೆ ಹೋದೆ. ಅವರು ಎಫ್‌ಐಆರ್ ಪ್ರತಿ ತೆಗೆದು ಎರಡು ಸಲ ಓದಿದರು.

"ಇದರಾಗ ನಿಮ್ಮ ಹೆಸರೆಲ್ಲೈತಿ, ಸಾಹೇಬ್ರ?"

"ಇಲ್ರಿ."

"ಯಾಕಿಲ್ಲ?"

"ಪಟ್ಟಿ ಬರದವ ನಾನ."

ಅವರು ಜೋರಾಗಿ ನಕ್ಕರು. ನನ್ನ ಕೈ ನೋಡಿ ನಿಲ್ಲಿಸಿದರು. "ಇಪ್ಪತ್ತೈದು ವರ್ಷ ವಕೀಲಿ ಮಾಡೇನ್ರಿ. ಗಾಡ್ಯಾಗ ಇಲ್ಲದವರ ಹೆಸರ ತುರುಕಿದ್ದು ಬೇಕಾದಷ್ಟು ನೋಡೇನಿ. ಗಾಡ್ಯಾಗ ಇದ್ದವ ತನ್ನ ಹೆಸರ ತಾನ ಬಿಟ್ಟದ್ದು, ಇದ ಮೊದಲ."

ಆಮೇಲೆ ಕೆಲಸದ ಮಾತಿಗೆ ಬಂದರು. ಎಕ್ಸ್‌ರೇ ನೋಡಿ ಎಲುಬು ಹಿಂದೆ ಎಂದೋ ಮುರಿದಿತ್ತು ಎನ್ನಬಹುದು, ಯಾವ ದಿನ ಎನ್ನಲು ಬರುವುದಿಲ್ಲ. ಎಲುಬು ಕೂಡಿಸಿದ ಮುತ್ಯಾರನ್ನು ಕರೆತಂದರೆ, ಈ ಕೈಯನ್ನು ಕೆಡಿಸಿದವರೇ ಅವರು ಎಂದು ವಿಮೆಯ ವಕೀಲರು ಅವರ ಮೇಲೆ ತಿರುಗುತ್ತಾರೆ. ಆ ದಿನದ ಆಸ್ಪತ್ರೆಯ ಕಾಗದ ಬೇಕು, ಇಲ್ಲವೇ ಜೊತೆಗಿದ್ದವರ ಬಾಯಿಮಾತು.

ಬಾಗೇವಾಡಿಯ ಆಸ್ಪತ್ರೆಗೆ ಹೋದೆ. ಅರ್ಜಿ ಕೊಟ್ಟು ರಿಜಿಸ್ಟರ್ ನೋಡಿದೆ. ಆ ತಾರೀಖಿನ ಕೆಳಗೆ ಎಂಟು ಹೆಸರು, ನನ್ನ ನೋಟ್‌ಬುಕ್ಕಿನ ಕ್ರಮದಲ್ಲೇ. ಚಾಲಕನ ವಯಸ್ಸು ಮೂವತ್ತೈದು. ಅಲ್ಲಿಯೂ ನನ್ನ ಪಟ್ಟಿಯನ್ನೇ ಇಳಿಸಿಕೊಂಡಿದ್ದರು. ನಾನು ಬರೆದದ್ದು ಠಾಣೆಗೆ ಹೋಗಿ, ಆಸ್ಪತ್ರೆಗೆ ಹೋಗಿ, ಪತ್ರಿಕೆಯಲ್ಲಿ ಅಚ್ಚಾಗಿ, ಈಗ ಮೂರು ಕಡೆಯಿಂದ ಒಂದಕ್ಕೊಂದು ಸಾಕ್ಷಿ ಹೇಳುತ್ತಿತ್ತು. ಯಾವ ಸಂಪಾದಕನಾದರೂ ಇದಕ್ಕಿಂತ ಗಟ್ಟಿ ಆಧಾರ ಕೇಳುವುದಿಲ್ಲ.

ನನ್ನ ಕೈ ನೋಡಿದ್ದ ನರ್ಸಿಗೆ ಇಂಡಿಗೆ ವರ್ಗವಾಗಿತ್ತು. ಇಂಡಿಯ ಬಸ್ಸು ಹತ್ತಿದೆ. ಡ್ಯೂಟಿ ಮುಗಿಯುವವರೆಗೆ ಕಾದೆ. ಹೊರಗೆ ಬಂದವರೇ ಗುರುತು ಹಿಡಿದರು.

"ಪೇಪರ್‌ನವರು ಅಲ್ರಿ ನೀವು? ಎದಿಗೆ ಕೈ ಹಿಡ್ಕೊಂಡು ಬರ್ಯಾಕತ್ತಿದ್ರಲ್ಲ. ನಾ ಅವತ್ತ ಹೇಳೇನಿ, ಚೀಟಿ ಮಾಡಸ್ರಿ ಅಂತ."

"ಅದನ್ನ ಬರದು ಕೊಡಾಕ ಬರ್ತೈತೇನ್ರಿ, ಸಿಸ್ಟರ್?"

ಅವರು ಗೇಟಿನ ಪಕ್ಕದ ಗಾಡಿಯಲ್ಲಿ ಎರಡು ನಿಂಬೆಹಣ್ಣಿನ ಚಹಾ ಹೇಳಿದರು.

"ಏನಂತ ಬರೀಲ್ರಿ? ಬಾತದ್ದು ನೋಡೇನಿ ಅಂತ? ನೋಡಿದ ಮ್ಯಾಲೆ ರಿಜಿಸ್ಟರ್‌ನ್ಯಾಗ ಯಾಕ ತಗೊಳ್ಳಲಿಲ್ಲ ಅಂತ ಮೊದಲ ನನ್ನ ಕೇಳ್ತಾರ. ನೀವು ಬ್ಯಾಡಂದ್ರಿ ಅಂತ ಹೇಳಿದ್ರ ನಂಬ್ತಾರೇನು? ಮುರದ ಕೈ ತಗೊಂಡು ಯಾರಾದ್ರೂ ಬ್ಯಾಡ ಅಂತಾರೇನ್ರಿ?"

ಯಾರೂ ಅನ್ನುವುದಿಲ್ಲ ಎಂದು ಒಪ್ಪಿಕೊಂಡೆ. ಚಹಾದ ದುಡ್ಡು ಕೊಡಲು ಅವರು ಬಿಡಲಿಲ್ಲ. ಬಸ್ಸು ಹತ್ತಿಸಲು ನಿಲ್ದಾಣದವರೆಗೆ ಬಂದು, ಕಿಟಕಿಯ ಹೊರಗಿನಿಂದ ಕೈಗೆ ಬಿಸಿನೀರಿನ ಶಾಖ ಕೊಡಿ ಎಂದರು.

ಉಳಿದದ್ದು ಜೊತೆಗಿದ್ದವರ ಮಾತು. ಎಂಟು ಜನರಲ್ಲಿ ನನ್ನನ್ನು ಖಚಿತವಾಗಿ ನೋಡಿದ್ದವಳು ತಂಗಡಗಿಯವಳು. ವಕೀಲರು ಮೊದಲೇ ಒಂದು ಮಾತು ಹೇಳಿದ್ದರು: "ಅವ್ರ ಕೇಸೂ ನನ್ನ ಕಡೆ ಅದಾವ. ನಿಮ್ಮದು ಹಾಕೂದಾದ್ರ ನೀವು ಬ್ಯಾರೆ ವಕೀಲರನ್ನ ಹಿಡೀಬೇಕಾಗ್ತೈತಿ. ಆದ್ರೂ ಹೋಗಿ ಕೇಳ್ರಿ. ಕೇಳೂದು ನಿಮ್ಮ ಹಕ್ಕು."

ತಂಗಡಗಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ವಿಳಾಸ ನನ್ನ ಪಟ್ಟಿಯಲ್ಲೇ ಇತ್ತು. ಅವಳು ಬಾಗಿಲ ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ನೀಡಿ ಕುಳಿತಿದ್ದಳು. ತೊಡೆಗೆ ರಾಡು ಹಾಕಿದ್ದರು. ಗೋಡೆಗೆ ಒಂದು ಕೋಲು ಆನಿಸಿತ್ತು. ಅವಳ ಅತ್ತೆ ಒಲೆಯ ಮುಂದಿದ್ದರು.

ಅವಳು ಎದ್ದು ನಿಲ್ಲಲು ನೋಡಿದಳು. ಬೇಡ ಎಂದೆ.

"ಯಣ್ಣಾ, ನಿಮ್ಮನ್ನ ಮರೀತೇನೇನ್ರಿ? ಗಾಡಿ ಹೊಳ್ಳುವಾಗ ನಿಮ್ಮ ಕೈ ನನ್ನ ಬೆನ್ನಿನ ಕೆಳಗಿತ್ತು. ಮುರದದ್ದು ನನಗ ಸಪ್ಪಳ ಕೇಳಿಸೈತಿ. ನಂದ ಎಲುಬು ಅನ್ಕೊಂಡಿದ್ದೆ."

ಆವರೆಗೆ ನನಗೆ ಗೊತ್ತಿರಲಿಲ್ಲ. ಕೈ ಹೇಗೆ ಮುರಿಯಿತು ಎಂಬುದನ್ನು ನಾನೇ ನೋಡಿರಲಿಲ್ಲ. ನನ್ನ ಕೈಗೆ ಜಗತ್ತಿನಲ್ಲಿ ಒಬ್ಬ ಸಾಕ್ಷಿ ಇದ್ದಾಳೆ, ಅವಳು ಅದರ ಸದ್ದು ಕೇಳಿದ್ದಾಳೆ ಎಂದು ಆ ಬಾಗಿಲಲ್ಲಿ ತಿಳಿಯಿತು.

"ಇದನ್ನ ಕೋರ್ಟಿನ್ಯಾಗ ಹೇಳ್ತೀಯೇನವಾ?" ಎಂದೆ.

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ನಾ ಆಗಲೇ ಹೇಳಿ ಬಂದ್ನೆಲ್ರಿ. ಪ್ರಮಾಣ ಮಾಡಿಸಿ ಕೇಳಿದ್ರು, ಗಾಡ್ಯಾಗ ಎಷ್ಟು ಮಂದಿ ಇದ್ರಿ ಅಂತ. ಎಂಟಕ್ಕಿಂತ ಹೆಚ್ಚಿಗಿ ಮಂದಿ ತುಂಬಿದ್ರ ರೊಕ್ಕ ಕೊಡೂದಿಲ್ಲ ಅಂತ ಅವ್ರ ವಕೀಲ ಒಂದ ಸವನ ಗಂಟ ಬಿದ್ದಿದ್ದ. ನಿಮ್ಮ ಪೇಪರ್ ತೋರಿಸಿ ಕೇಳಿದ. ಎಂಟು ಅಂದೆ. ನೀವ ಎಂಟು ಅಂತ ಬರದಿದ್ರಿ. ಉಳದವ್ರೂ ಹಂಗ ಹೇಳ್ಯಾರ. ಈಗ ನಾ ಒಂಬತ್ತು ಅಂದ್ರ?"

ಅತ್ತೆ ಒಲೆಯ ಕಡೆಯಿಂದ ತಲೆ ಎತ್ತದೆ ಹೇಳಿದರು: "ಬರದವ್ರೂ ಇವ್ರ, ಸುಳ್ಳ ಅನ್ನವ್ರೂ ಇವ್ರ. ನಾವು ಯಾವ ಮಾತಿಗೆ ಹೂಂ ಅನಬೇಕಪಾ?"

"ಅತ್ತೀ, ಸುಮ್ಮಿರ್ರಿ," ಎಂದಳು ಅವಳು. ನನ್ನ ಕಡೆ ತಿರುಗಿ, "ನೀವು ಹೇಳು ಅಂದ್ರ ಹೇಳ್ತೇನ್ರಿ ಯಣ್ಣಾ. ಕೈ ನಿಮ್ಮದು ಹೋಗೈತಿ. ಆದ್ರ ಈ ರಾಡಿನ ಸಾಲ ಇನ್ನೂ ಹಂಗ ಐತಿ," ಎಂದಳು.

ಅವಳು ನಿರ್ಧಾರವನ್ನು ನನ್ನ ಕೈಗೆ ಕೊಟ್ಟಳು. ನಾನು ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಸ್ಸಿನ ಹೊತ್ತಾಯಿತು ಎಂದು ಎದ್ದೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಹೊಳೆಯ ಕಡೆ ನಡೆದು ಹೋಗಿ ಮೆಟ್ಟಿಲ ಮೇಲೆ ಕುಳಿತೆ. ಕೃಷ್ಣೆಯಲ್ಲಿ ನೀರು ತುಂಬಿ ನಿಂತಿತ್ತು. ಒಬ್ಬ ಎಮ್ಮೆ ಮೈ ತೊಳೆಯುತ್ತಿದ್ದ. ನಾನು ಯೋಚಿಸಿದ್ದು ಸುದ್ದಿಮನೆಯ ರೀತಿಯಲ್ಲೇ: ಒಂದು ತಿದ್ದುಪಡಿ ಹಾಕಿದರೆ ಯಾರಿಗೆ ಏನಾಗುತ್ತದೆ? ನನಗೆ ಪರಿಹಾರ ಸಿಗಬಹುದು, ಸಿಗದೆಯೂ ಇರಬಹುದು. ಎಂಟು ಜನರ ಪ್ರಮಾಣದ ಮಾತು ಸುಳ್ಳಾಗುವುದು ಖಂಡಿತ. ಅವರು ಸುಳ್ಳು ಹೇಳಿದ್ದು ನನ್ನ ಬರಹವನ್ನು ನಂಬಿ.

ಮುದ್ದೇಬಿಹಾಳದಲ್ಲಿ ವಕೀಲರು ಕೇಳಿದರು: "ಏನಂದ್ಳು?"

"ಹೇಳು ಅಂದ್ರ ಹೇಳ್ತಾಳ."

"ಮತ್ತೇನ್ರಿ?"

"ಬ್ಯಾಡ್ರಿ. ಅರ್ಜಿ ಹಾಕೂದು ಬ್ಯಾಡ."

ಅವರು ನನ್ನ ಎಕ್ಸ್‌ರೇಯನ್ನು ಲಕೋಟೆಗೆ ಹಾಕಿ, ದಾರ ಸುತ್ತಿ ಕೊಟ್ಟರು. ಒಂದು ಕೈಯಲ್ಲಿ ಸುತ್ತಲು ನನಗೆ ಆಗುವುದಿಲ್ಲ ಎಂದು ಅವರಿಗೆ ಹೊಳೆದಿತ್ತು.

ಇದನ್ನು ತ್ಯಾಗ ಎಂದರೆ ತಪ್ಪು ವರದಿಯಾಗುತ್ತದೆ. ಆಮೇಲೆ ಎಷ್ಟೋ ವಾರ ನನಗೆ ಅವಳ ಮೇಲೆ ಸಿಟ್ಟಿತ್ತು. ಅತ್ತೆಯ ಮಾತಿನ ಮೇಲೆ ಸಿಟ್ಟಿತ್ತು. ನನ್ನ ಮಾತು ಕೇಳದೆ ನಕಲು ಮಾಡಿಕೊಂಡ ಪೇದೆಯ ಮೇಲೆ ಸಿಟ್ಟಿತ್ತು. ನಾನು ಮಾತೇ ಆಡಿರಲಿಲ್ಲ ಎಂಬುದು ಆಮೇಲೆ ನೆನಪಾಗುತ್ತಿತ್ತು. ಸಂಜೆ ಸುದ್ದಿ ಕಳಿಸಿ ಕೋಣೆಗೆ ಬಂದು, ಡಾಕ್ಟರು ಹೇಳಿದ ವರ್ಷಕ್ಕೆ ಎಷ್ಟು ದಿನ ಉಳಿದವು ಎಂದು ಎಣಿಸುತ್ತಿದ್ದೆ. ಆ ದಿನಗಳು ಮುಗಿದವು. ಮುಗಿದ ದಿನ ಏನೂ ವಿಶೇಷ ಆಗಲಿಲ್ಲ. ಬೆರಳುಗಳು ಹಿಂದಿನ ದಿನ ಇದ್ದಂತೆಯೇ ಇದ್ದವು.

ಬೈಕು ಮಾರಿದೆ. ಬಸ್ಸಿನಲ್ಲೇ ನಾಲ್ಕು ತಾಲ್ಲೂಕು ಸುತ್ತಬೇಕಾದರೆ ಅಂಗವಿಕಲರ ಪಾಸು ಬೇಕು, ಪಾಸಿಗೆ ಪ್ರಮಾಣಪತ್ರ ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರ ಮಂಡಳಿ ಕೂರುವ ದಿನ ಹೋದೆ. ಬೆಂಚಿನ ಮೇಲೆ ಕುಳಿತವರಿಗೆಲ್ಲ ಒಬ್ಬೊಬ್ಬರು ಜೊತೆಗಿದ್ದರು. ನನ್ನ ಪಕ್ಕದ ಜಾಗದಲ್ಲಿ ಎಕ್ಸ್‌ರೇ ಲಕೋಟೆ ಇಟ್ಟಿದ್ದೆ. ಯಾರೋ ಬರುವವರಿದ್ದಾರೆ ಎಂದುಕೊಂಡು ಜನ ಅಲ್ಲಿ ಕೂರಲಿಲ್ಲ.

ಡಾಕ್ಟರು ಮೊಣಕೈ ಎಷ್ಟು ಬಾಗುತ್ತದೆ ಎಂದು ಅಳೆದರು. ಕಣ್ಣು ಮುಚ್ಚಲು ಹೇಳಿ ಸೂಜಿಯಿಂದ ಮುಟ್ಟಿದರು.

"ಚುಚ್ಚಿದ್ದು ತಿಳೀತೇನ್ರಿ?"

"ಇಲ್ರಿ."

"ಈಗ?"

"ಇಲ್ರಿ."

"ಈಗ?"

ನಾನು ಕಣ್ಣು ತೆರೆದೆ. ಅವರು ಸೂಜಿಯನ್ನು ಆಗಲೇ ಮೇಜಿನ ಮೇಲೆ ಇಟ್ಟಿದ್ದರು. "ಮೊದಲ ವರ್ಷದಾಗ ಆಪರೇಷನ್ ಯಾಕ ಮಾಡಸಲಿಲ್ಲ?" ಎಂದರು. ಆಗಲಿಲ್ಲ ಎಂದೆ. ಅವರು ಮುಂದೆ ಕೇಳಲಿಲ್ಲ. ಈ ಮಾತನ್ನು ಅವರು ದಿನಕ್ಕೆ ಎಷ್ಟು ಜನರಿಂದ ಕೇಳುತ್ತಿದ್ದರೋ.

ಪಕ್ಕದಲ್ಲಿ ಫಾರಂ ತುಂಬುತ್ತಿದ್ದ ಗುಮಾಸ್ತರು ಕೇಳಿದರು: "ಕಾರಣ ಏನಂತ ಬರೀಲ್ರಿ?"

"ರಸ್ತೆ ಅಪಘಾತ."

"ಎಫ್‌ಐಆರ್ ಐತೇನು?"

"ನನ್ನ ಹೆಸರಿಲ್ಲ."

"ಡಿಸ್ಚಾರ್ಜ್ ಕಾರ್ಡು?"

"ಇಲ್ಲ."

ಅವರು ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು. ಕರುಣೆಯಿಂದಲೇ ಹೇಳಿದರು: "ಹಂಗಾರ ಬಿದ್ದದ್ದು ಅಂತ ಬರೀತೇನ್ರಿ. ಅದಕ್ಕ ಕಾಗದ ಕೇಳೂದಿಲ್ಲ."

"ಬರ್ಕೊಳ್ರಿ," ಎಂದೆ.

ಪಾಸಿಗೆ ಶೇಕಡಾ ನಲವತ್ತು ಅಂಗವೈಕಲ್ಯ ಬೇಕಿತ್ತು, ನಲವತ್ತೆರಡು ಸಿಕ್ಕಿತು. ಶಾಶ್ವತ ಎಂದು ಮುದ್ರೆಯಾಗಿದೆ. ಪಾಸು ಬಂದಿದೆ. ಕೆಲಸ ನಡೆದಿದೆ. ಅಪಘಾತದ ಸ್ಥಳಕ್ಕೆ ಹೋದಾಗ ಪಟ್ಟಿ ಮುಗಿದ ಮೇಲೆ ಇನ್ನೊಂದು ಸುತ್ತು ಹಾಕುತ್ತೇನೆ. ನೀರು ತಂದವರನ್ನು, ದೂರ ನಿಂತು ನೋಡುವವರನ್ನು, ಫೋನಿನಲ್ಲಿ ಮಾತಾಡುತ್ತಿರುವವರನ್ನು ಕೇಳುತ್ತೇನೆ: ನೀವೂ ಗಾಡ್ಯಾಗ ಇದ್ರೇನು? ಬಹಳ ಜನ ನಗುತ್ತಾರೆ. ಒಮ್ಮೆ ಸಿಂದಗಿ ಹೊರಗೆ ಒಬ್ಬ ಮುದುಕ ಯೋಚಿಸಿ ನೋಡಿ, ಹೌದ್ರಿ ಎಂದ.

ಕಳೆದ ತಿಂಗಳು ಒಂದು ಮಧ್ಯಾಹ್ನ ತಂಗಡಗಿಯಿಂದ ಫೋನು ಬಂತು. ಅವರ ಕೇಸು ಇತ್ಯರ್ಥವಾಗಿತ್ತು. ಎಂಟೂ ಜನರಿಗೆ ಪರಿಹಾರ ಬಂದಿತ್ತು.

"ಯಣ್ಣಾ, ಪೇಪರ್‌ನ್ಯಾಗ ಹಾಕಬ್ಯಾಡ್ರಿ ಮತ್ತ. ಮಂದಿ ಕಣ್ಣ ಛಲೋ ಇರೂದಿಲ್ಲ."

"ಹಾಕೂದಿಲ್ಲವಾ."

"ಕೋಲು ಬಿಟ್ಟೇನ್ರಿ. ಬಾವಿ ಮಟ ಹೋಗಿ ಬರ್ತೇನಿ." ಹಿಂದೆ ಕೋಳಿ ಕೂಗುವುದು ಕೇಳುತ್ತಿತ್ತು. "ನಿಮ್ಮ ಕೈ ಹೆಂಗೈತ್ರಿ?"

ಆ ಪ್ರಶ್ನೆಯನ್ನು ಕೌಂಟರಿನ ಈಚೆ ಬದಿಗೆ ನಿಂತು ಯಾರೂ ಕೇಳಿರಲಿಲ್ಲ. "ಐತಿ," ಎಂದೆ.

"ಒಂದ ಸಲ ಬಂದು ಹೋಗ್ರಿ. ಅತ್ತೀನೂ ಅಂತಿರ್ತಾರ."

ಬರುತ್ತೇನೆ ಎಂದು ಫೋನು ಇಟ್ಟೆ. ಮರುದಿನ ಡಿಪೋಕ್ಕೆ ಹೋಗಿ ಕೇಳಿದೆ. ಪಾಸಿನ ಮಿತಿಯೊಳಗೆ ತಂಗಡಗಿಯೂ ಬರುತ್ತದಂತೆ. ಇನ್ನೂ ಹೋಗಿಲ್ಲ.